ಸಿ. ವಿ. ರಾಮನ್ ಮತ್ತು ಚರ್ಮರೋಗ ಪರೀಕ್ಷೆ

ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಬೆಳಕು ವಸ್ತುವಿನ ಅಣುಗಳಿಗೆ ತಾಗಿ ಚದುರುವಾಗ ಅದರ ಅತ್ಯಲ್ಪ ಭಾಗವು ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು 1928ರಲ್ಲಿ ತೋರಿಸಿಕೊಟ್ಟ ಅವರಿಗೆ 1930ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ವಿಜ್ಞಾನ ಕ್ಷೇತ್ರದಲ್ಲಿ ಈ ಪ್ರಶಸ್ತಿಯನ್ನು ಪಡೆದ ಮೊದಲ ಏಷ್ಯನ್ನರು ಅವರು. ಹುಟ್ಟಿದ್ದು ತಮಿಳುನಾಡಿನಲ್ಲಿ, ಹೆಸರು ಮಾಡಿದ್ದು ಕಲ್ಕತ್ತೆಯಲ್ಲಿ. ಬದುಕಿನ ಕೊನೆಯ 37 ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

ರಾಮನ್ ವೈದ್ಯರಾಗಿರಲಿಲ್ಲ. ಚರ್ಮರೋಗಗಳ ಬಗ್ಗೆ ಅವರು ಸಂಶೋಧನೆ ನಡೆಸಿದವರೂ ಅಲ್ಲ. ಆದರೂ ಇಸುಬು, ಸೋರಿಯಾಸಿಸ್ ಮೊದಲಾದ ಉರಿಯೂತದ ಚರ್ಮರೋಗಗಳನ್ನು ಚರ್ಮ ಕತ್ತರಿಸದೆ, ಸೂಜಿ ಚುಚ್ಚದೆ ಅರಿಯಲು ಇಂದು ಬಳಕೆಯಾಗುತ್ತಿರುವ ಉಪಕರಣಗಳಲ್ಲಿ ಒಂದು ಬಗೆಯವು ಅವರ ಹೆಸರನ್ನೇ ಹೊತ್ತಿವೆ. ಕಡಲಿನ ನೀಲಿ ಬಣ್ಣದ ಬಗ್ಗೆ ಹುಟ್ಟಿದ ಒಂದು ಪ್ರಶ್ನೆ ಎಳೆಯ ಮಗುವಿನ ಅಂಗೈಯ ಪರೀಕ್ಷೆಯವರೆಗೆ ಬಂದ ದಾರಿಯನ್ನು ರಾಮನ್ನರ ಜೀವನದೊಂದಿಗೆ ಈ ಲೇಖನ ಪರಿಚಯಿಸುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲ್‌ನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. 1892ರಲ್ಲಿ ತಂದೆಗೆ ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕರ ಹುದ್ದೆ ದೊರೆತುದರಿಂದ ಕುಟುಂಬ ಅಲ್ಲಿಗೆ ತೆರಳಿತು. ಸಮುದ್ರತೀರದ ಆ ಊರಿನಲ್ಲಿ, ಮನೆಯ ತುಂಬ ಪುಸ್ತಕಗಳ ನಡುವೆ ಬೆಳೆದ ಬಾಲಕ 11ನೆಯ ವಯಸ್ಸಿನಲ್ಲೇ ಮೆಟ್ರಿಕ್ಯುಲೇಷನ್ ತೇರ್ಗಡೆಯಾದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. ಎಂ.ಎ. ಓದುತ್ತಿದ್ದಾಗಲೇ, 1906ರಲ್ಲಿ, ಆಯತಾಕಾರದ ಕಿಂಡಿಯ ಮೂಲಕ ಹಾಯುವ ಬೆಳಕಿನ ಬಗ್ಗೆ ಅವರು ಬರೆದ ಮೊದಲ ಪ್ರಬಂಧ ಲಂಡನ್ನಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಅಧ್ಯಾಪಕರು ಅವರನ್ನು ಇಂಗ್ಲೆಂಡಿಗೆ ಕಳುಹಿಸಲು ಬಯಸಿದ್ದರು. ಆದರೆ ಮದರಾಸಿನ ಸಿವಿಲ್ ಸರ್ಜನ್, ಈ ಸಣಕಲು ಹುಡುಗನ ದೇಹ ಅಲ್ಲಿನ ಹವೆಯನ್ನು ತಾಳದು ಎಂದು ತೀರ್ಪು ಕೊಟ್ಟುಬಿಟ್ಟರು. ಹೀಗಾಗಿ ರಾಮನ್ನರ ವಿದ್ಯಾಭ್ಯಾಸವೆಲ್ಲ ಸ್ವದೇಶದಲ್ಲೇ ನಡೆಯಿತು. ಆ ಕಾಲದಲ್ಲಿ ಸಂಶೋಧನೆಯನ್ನೇ ನಂಬಿ ಬದುಕುವ ಉದ್ಯೋಗ ಇಲ್ಲಿ ಇರಲಿಲ್ಲವೆಂದೇ ಹೇಳಬೇಕು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲಿಗರಾದರು. ಅದೇ ವರ್ಷ ಲೋಕಸುಂದರಿ ಅವರನ್ನು ವಿವಾಹವಾಗಿ, 1907ರ ಮಧ್ಯಭಾಗದಲ್ಲಿ ಸಹಾಯಕ ಮಹಾಲೇಖಪಾಲರಾಗಿ ಕಲ್ಕತ್ತೆಗೆ ಹೋದರು. ಆಗ ಅವರಿಗಿನ್ನೂ 18 ವರ್ಷ.

ಕಲ್ಕತ್ತೆಯಲ್ಲಿ

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘ ಎಂಬ ಸಂಸ್ಥೆ ಇತ್ತು. 1876ರಲ್ಲಿ ಅದನ್ನು ಕಟ್ಟಿದವರು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು. ಭಾರತೀಯರು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ವಿಜ್ಞಾನ ಬೆಳೆಸಬೇಕೆಂಬ ಹಂಬಲದಿಂದ ಅವರು ಚಂದಾ ಎತ್ತಿ ಕಟ್ಟಿದ ಆ ಪ್ರಯೋಗಾಲಯ, 1904ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿತ್ತು. ಕಚೇರಿಗೆ ಹೋಗಿಬರುವ ದಾರಿಯಲ್ಲಿ ಅದರ ನಾಮಫಲಕವನ್ನು ಕಂಡ ರಾಮನ್ ಒಳಹೊಕ್ಕು ಅನುಮತಿ ಕೇಳಿದರು. ಅದು ಸುಲಭವಾಗಿ ದೊರೆಯಿತು. ಅಂದಿನಿಂದ ಬೆಳಗಿನ ಜಾವ ಮತ್ತು ಸಂಜೆ ಪ್ರಯೋಗಾಲಯ, ನಡುಹಗಲು ಕಚೇರಿ ಎಂಬಂತೆ ಅವರ ದಿನಚರಿ ನಡೆಯಿತು. ಆಶುತೋಷ್ ಡೇ ಎಂಬ ನೆರವಿಗ ಅವರ ಜೊತೆಗಾರ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದಾಗಲೂ ಮನೆಯ ಒಂದು ಭಾಗ ಪ್ರಯೋಗಶಾಲೆಯಾಯಿತು.

1917ರಲ್ಲಿ ಅಶುತೋಷ್ ಮುಖರ್ಜಿಯವರ ಆಹ್ವಾನದಂತೆ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು. ಸರ್ಕಾರಿ ಹುದ್ದೆಯ ಸಂಬಳದ ಸರಿಸುಮಾರು ಅರ್ಧದಷ್ಟು ಸಂಬಳದ ಕೆಲಸವದು. ಗೃಹಸ್ಥರಾದ ಸರ್ಕಾರಿ ಅಧಿಕಾರಿಯೊಬ್ಬರು ಇಂಥ ತೀರ್ಮಾನ ಕೈಗೊಳ್ಳುವುದು ಅಂದಿಗೂ ಇಂದಿಗೂ ಅಪರೂಪವೇ.

ಆರಂಭದ ವರ್ಷಗಳಲ್ಲಿ ಅವರು ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ನಾದದ ಬಗ್ಗೆ ಹೆಚ್ಚಾಗಿ ಕೆಲಸ ಮಾಡಿದರು. ಬೆಳಕಿನ ಕಡೆಗಿನ ಒಲವೂ ಜೊತೆಗೇ ಇತ್ತು. 1919ರಲ್ಲಿ ಪ್ರಕಟವಾದ ಒಂದು ಪ್ರಬಂಧ ಇಲ್ಲಿ ವಿಶೇಷವಾಗಿ ಗಮನಾರ್ಹ. ಕತ್ತಲೆಯಲ್ಲಿ ಪ್ರಖರವಾದ ಚಿಕ್ಕ ದೀಪವನ್ನು ನೋಡಿದರೆ ಅದರ ಸುತ್ತ ಒಂದು ಪ್ರಭಾವಲಯ ಕಾಣುತ್ತದೆ. ಅದು ದೀಪದಲ್ಲಿ ಇರುವುದಲ್ಲ. ಕಣ್ಣಿನ ಪಾರದರ್ಶಕ ಭಾಗಗಳಲ್ಲಿರುವ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದರಿಂದ ಉಂಟಾಗುವಂಥದು ಎಂದು ರಾಮನ್ ಅಲ್ಲಿ ವಿವರಿಸಿದರು. ಜೀವಂತ ದೇಹದ ಒಳಗಿನ ರಚನೆಯನ್ನು ಚದುರಿದ ಬೆಳಕಿನಿಂದಲೇ ತಿಳಿಯಬಹುದೆಂಬ ಯೋಚನೆ ಅವರ ಬರವಣಿಗೆಯಲ್ಲಿ ಇಷ್ಟು ಹಿಂದೆಯೇ ಕಾಣುತ್ತದೆ. ಜೀವನಚರಿತ್ರೆಗಳಲ್ಲಿ ಈ ಪ್ರಬಂಧಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಕಡಲಿನ ನೀಲಿಯಿಂದ ರಾಮನ್ ಪರಿಣಾಮದವರೆಗೆ

1921ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ರಾಮನ್ ಮೊದಲ ಬಾರಿಗೆ ವಿದೇಶ ಪ್ರಯಾಣ ಕೈಗೊಂಡರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿದಿಟ್ಟಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುವುದರಿಂದಲೇ ಕಡಲು ನೀಲಿಯಾಗಿ ಕಾಣುತ್ತದೆ ಎಂಬುದು ಲಾರ್ಡ್ ರ‍್ಯಾಲೆಯವರ ಅಭಿಪ್ರಾಯವಾಗಿತ್ತು. ಹಿಂದಿರುಗುವಾಗ ನರ್ಕುಂಡ ಹಡಗಿನ ಅಟ್ಟದ ಮೇಲೆ ನಿಂತು, ಕೈಯಲ್ಲಿದ್ದ ನಿಕಲ್ ಪಟ್ಟಕದ ಮೂಲಕ ರಾಮನ್ ನೀರನ್ನು ನೋಡಿದರು. ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದಾಗ ಆಕಾಶದ ಪ್ರತಿಫಲನ ಅಳಿಸಿಹೋಯಿತು. ನೀಲಿ ಮಾತ್ರ ಅಳಿಯಲಿಲ್ಲ, ಇನ್ನಷ್ಟು ತಿಳಿಯಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂಬುದು ಇದರಿಂದ ಖಚಿತವಾಯಿತು.

ಮುಂದಿನ ಆರೇಳು ವರ್ಷ ಕಲ್ಕತ್ತೆಯ ಪ್ರಯೋಗಾಲಯದ ಶಿಷ್ಯವೃಂದವೆಲ್ಲ ಒಂದೇ ಕೆಲಸಕ್ಕೆ ತೊಡಗಿತು: ನೀರು, ಮದ್ಯಸಾರ, ಮಂಜುಗಡ್ಡೆ, ಗಾಜು, ಅನಿಲ ಹೀಗೆ ಸಿಕ್ಕಿದ ವಸ್ತುವಿನ ಮೂಲಕ ಬೆಳಕು ಹಾಯಿಸಿ, ಅಡ್ಡಲಾಗಿ ಚದುರಿ ಬಂದದ್ದನ್ನು ಪರೀಕ್ಷಿಸುವುದು. 1923ರಲ್ಲಿ ಕೆ. ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ ಮೂಲ ಬಣ್ಣವಲ್ಲದ ಒಂದು ಕ್ಷೀಣ ಹೊಳಪು ಕಂಡಿತು. ದ್ರವದಲ್ಲಿನ ಕಶ್ಮಲದಿಂದ ಹಾಗಾಗಿರಬೇಕೆಂದು ಭಾವಿಸಿ ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಹೊಳಪು ಹೋಗಲಿಲ್ಲ. ಕೆ. ಎಸ್. ಕೃಷ್ಣನ್ ಅವರಿಗೂ ಅದೇ ಅನುಭವವಾಯಿತು. 1928ರ ಜನವರಿಯಲ್ಲಿ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಿಂದ ಚದುರಿದ ಸೂರ್ಯನ ಬೆಳಕು ನೀಲಿಯ ಬದಲು ಹಸಿರಾಗಿರುವುದನ್ನು ಕಂಡರು. ಆ ಹಸಿರು ಬೆಳಕು ಬಲವಾಗಿ ಧ್ರುವೀಕೃತವಾಗಿತ್ತು. ಸಾಮಾನ್ಯ ಪ್ರತಿದೀಪ್ತಿಯಲ್ಲಿ ಹಾಗಾಗುವುದಿಲ್ಲ. ಎಕ್ಸ್ ಕಿರಣಗಳಲ್ಲಿ ಇಂಥದೊಂದು ಬದಲಾವಣೆಯನ್ನು ಕಂಡಿದ್ದ ಕಾಂಪ್ಟನ್ ಅವರಿಗೆ ಹಿಂದಿನ ವರ್ಷವಷ್ಟೇ ನೊಬೆಲ್ ಬಂದಿತ್ತು. ಬೆಳಕಿನಲ್ಲೂ ಅಂಥದೇ ಇರಬೇಕೆಂಬ ಊಹೆ ರಾಮನ್ನರಲ್ಲಿ ಗಟ್ಟಿಯಾಯಿತು.

1928ರ ಫೆಬ್ರವರಿ 28ರಂದು ನೇರನೋಟದ ರೋಹಿತದರ್ಶಕದ ಮೂಲಕ ಚದುರಿದ ಬೆಳಕನ್ನು ಪರೀಕ್ಷಿಸಿದಾಗ ಮೂಲ ಬೆಳಕಿನ ಬಣ್ಣ ಒಂದೆಡೆ, ನಡುವೆ ಕತ್ತಲೆಯ ಅಂತರ, ಅದರಾಚೆ ಹೊಸ ಬಣ್ಣ ಪ್ರತ್ಯೇಕವಾಗಿ ಕಂಡವು. ಸೂರ್ಯನ ಬೆಳಕಿನ ಬದಲು ಪಾದರಸದ ದೀಪವನ್ನು ಬಳಸಿದಾಗ ಹೊಸ ಬಣ್ಣ ಚೂಪಾದ ಗೆರೆಗಳಾಗಿ ಒಡೆದುಕೊಂಡಿತು. ಮರುದಿನವೇ ಪತ್ರಿಕೆಗಳಿಗೆ ಸುದ್ದಿ ಹೋಯಿತು. ಸುಮಾರು 60 ದ್ರವಗಳಲ್ಲಿ ಈ ಗುಣ ಕಂಡುಬಂದುದನ್ನು ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರಿನಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಗೆ ಬರೆದು ತಿಳಿಸಲಾಯಿತು. ಸಂಶೋಧನೆಯ ಮೊದಲ ವಿಸ್ತಾರವಾದ ಉಪನ್ಯಾಸ ನಡೆದದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಇದೇ ಸಂಗತಿಯನ್ನು ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಅದೇ ಸುಮಾರಿಗೆ ಕಂಡಿದ್ದರು; ಅವರ ಬರಹ ಪ್ರಕಟವಾದದ್ದು ತಡವಾಗಿ. 1930ರ ನೊಬೆಲ್ ರಾಮನ್ನರೊಬ್ಬರಿಗೇ ಸಂದಿತು. ಕೃಷ್ಣನ್ ಮತ್ತು ವೆಂಕಟೇಶ್ವರನ್ ಅವರ ಪಾಲಿನ ಬಗ್ಗೆ ಚರ್ಚೆ ಇಂದಿಗೂ ಇದೆ. ಗ್ಲಿಸರಿನ್‌ನ ಆ ಹಸಿರು ಕಾಣದೇ ಹೋಗಿದ್ದರೆ ಫೆಬ್ರವರಿ 28 ಬರುತ್ತಿರಲಿಲ್ಲ ಎಂಬಷ್ಟನ್ನಾದರೂ ಒಪ್ಪಬೇಕು.

ಪರಿಣಾಮದ ಸ್ವರೂಪ

ವಸ್ತುವಿನ ಅಣುಗಳು ಸುಮ್ಮನೆ ಕುಳಿತಿರುವುದಿಲ್ಲ. ಅವುಗಳೊಳಗಿನ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಸದಾ ಕಂಪಿಸುತ್ತಿರುತ್ತವೆ. ಬೆಳಕಿನ ಕಣವೊಂದು ಅಣುವಿಗೆ ತಾಗಿದಾಗ ಸಾಮಾನ್ಯವಾಗಿ ತಂದಷ್ಟೇ ಶಕ್ತಿಯೊಡನೆ ಹೊರಳಿಹೋಗುತ್ತದೆ. ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ ತನ್ನ ಶಕ್ತಿಯ ಕೊಂಚ ಭಾಗವನ್ನು ಅಣುವಿನ ಕಂಪನಕ್ಕೆ ಕೊಟ್ಟೋ, ಅಲ್ಲಿಂದ ಪಡೆದೋ ಹೊರಬರುತ್ತದೆ. ಶಕ್ತಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಎಷ್ಟು ಬದಲಾಯಿತೆಂಬುದು ಆ ಅಣುವಿನ ರಚನೆಯನ್ನು ಅವಲಂಬಿಸಿದೆ. ನೀರಿಗೆ ಒಂದು ಗೆರೆ, ಕೊಬ್ಬಿಗೆ ಇನ್ನೊಂದು, ಪ್ರೋಟೀನಿಗೆ ಮತ್ತೊಂದು. ಗೆರೆಗಳ ಸಾಲನ್ನು ಓದಿ, ಬೆರಳಚ್ಚಿನಿಂದ ವ್ಯಕ್ತಿಯನ್ನು ಗುರುತಿಸುವಂತೆ, ಎದುರಿಗಿರುವ ವಸ್ತು ಯಾವುದೆಂದು ಹೇಳಬಹುದು. ವಸ್ತುವನ್ನು ಕರಗಿಸಬೇಕಿಲ್ಲ, ಬಣ್ಣ ಹಾಕಬೇಕಿಲ್ಲ, ಕತ್ತರಿಸಬೇಕಿಲ್ಲ.

ಕೋಟಿಗೊಂದು ಎಂಬ ಈ ಕ್ಷೀಣತೆಯೇ ದೊಡ್ಡ ಅಡ್ಡಿಯೂ ಆಗಿತ್ತು. ಪಾದರಸ ದೀಪದ ಕಾಲದಲ್ಲಿ ಒಂದು ರೋಹಿತದ ಛಾಯಾಚಿತ್ರ ತೆಗೆಯಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಬಾಟಲಿಯಲ್ಲಿನ ದ್ರವಕ್ಕೆ ಆ ತಾಳ್ಮೆ ಇರುತ್ತದೆ. ಮನುಷ್ಯನ ಕೈಗೆ ಇರುವುದಿಲ್ಲ.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು, ಅಲ್ಲಿ ಭೌತವಿಜ್ಞಾನ ವಿಭಾಗವನ್ನು ಆರಂಭಿಸಿದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯನ್ನು ಪ್ರತಿ ತಿಂಗಳೂ ತಪ್ಪದೆ ಹೊರತರುವ ಹೊಣೆ ಹೊತ್ತರು. ಆ ಪತ್ರಿಕೆಯ ಮೊದಲ ಸಂಪುಟದಲ್ಲಿ ಅವರು ಬರೆದ ಪ್ರಬಂಧಗಳಲ್ಲೊಂದು ನೀಲಕಂಠ ಹಕ್ಕಿಯ ಗರಿಗಳ ಬಣ್ಣವನ್ನು ಕುರಿತದ್ದು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ಗರಿಯಲ್ಲಿ ನೀಲಿ ವರ್ಣದ್ರವ್ಯವಿಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕಿನೊಡನೆ ನಡೆಸುವ ವ್ಯವಹಾರದಿಂದ ನೀಲಿ ಹುಟ್ಟುತ್ತದೆ. ಚರ್ಮವೈದ್ಯರಿಗೂ ಇದು ಪರಿಚಿತ ಸಂಗತಿ. ಕಂದು ವರ್ಣದ್ರವ್ಯವಾದ ಮೆಲನಿನ್ ಚರ್ಮದ ಮೇಲ್ಪದರದಲ್ಲಿದ್ದರೆ ಮಚ್ಚೆ ಕಂದಾಗಿ ಕಾಣುತ್ತದೆ. ಅದೇ ಮೆಲನಿನ್ ಆಳದಲ್ಲಿದ್ದರೆ ಬೆಳಕಿನ ಚದುರುವಿಕೆಯಿಂದಾಗಿ ನೀಲಿಯಾಗಿ ಕಾಣುತ್ತದೆ.

1935–36ರಲ್ಲಿ ಎನ್. ಎಸ್. ನಾಗೇಂದ್ರನಾಥ್ ಅವರೊಡನೆ, ಶ್ರವಣಾತೀತ ಧ್ವನಿಯಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಬಾಗಿ ಹರಡಿಕೊಳ್ಳುತ್ತದೆಂಬುದಕ್ಕೆ ಗಣಿತದ ವಿವರಣೆ ಕೊಟ್ಟರು. ರಾಮನ್–ನಾಥ್ ಸಿದ್ಧಾಂತವೆಂದು ಹೆಸರಾದ ಇದು, ಬೇಕಾದ ಬಣ್ಣವನ್ನಷ್ಟೇ ಆರಿಸಿ ಬಿಡುವ ಶೋಧಕಗಳ ಹಿಂದಿನ ವಿಜ್ಞಾನಕ್ಕೆ ಅಡಿಪಾಯಗಳಲ್ಲೊಂದು. ಹಲವು ಬಣ್ಣಗಳಲ್ಲಿ ಚರ್ಮದ ಚಿತ್ರ ತೆಗೆಯುವ ಕೆಲವು ಉಪಕರಣಗಳಲ್ಲಿ ಇಂಥ ಶೋಧಕಗಳು ಇವೆ.

ನಿರ್ದೇಶಕರಾಗಿ ಅವರ ಕಾಲ ಸುಗಮವಾಗಿರಲಿಲ್ಲ. ಆಡಳಿತ ಮಂಡಳಿಯೊಡನೆ ಘರ್ಷಣೆ ಬೆಳೆದು 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟುಕೊಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮಾತ್ರ ಮುಂದುವರಿದರು. 1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಎಂಬ ವಿದ್ಯಾರ್ಥಿನಿಗೆ, ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದ್ದು ದಾಖಲಾದ ಸಂಗತಿ. ಆಕೆ ಪಟ್ಟು ಬಿಡದೆ ನಿಂತದ್ದರಿಂದ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಆಕೆಯ ಕೆಲಸ ನೋಡಿದ ಮೇಲೆ ರಾಮನ್ ತಮ್ಮ ನಿಲುವನ್ನು ಸಡಿಲಿಸಿದರು. ಮುಂದೆ ಅನ್ನಾ ಮಣಿ ಮೊದಲಾದವರು ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದರು. ದೊಡ್ಡವರ ಜೀವನ ಬರೆಯುವಾಗ ಇಂಥದನ್ನು ಮರೆಮಾಚುವ ಅಗತ್ಯವಿಲ್ಲ.

ಬೆಂಗಳೂರಿನ ಶಿಷ್ಯರಲ್ಲಿ ಜಿ. ಎನ್. ರಾಮಚಂದ್ರನ್ ಅವರನ್ನು ಇಲ್ಲಿ ನೆನೆಯಬೇಕು. ಚರ್ಮದ ಒಳಪದರಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನಿನಲ್ಲಿ ಮೂರು ಎಳೆಗಳು ಹಗ್ಗದಂತೆ ಹೆಣೆದುಕೊಂಡಿವೆ ಎಂಬುದನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟವರು ಅವರು.

ಮೈಸೂರು ಸಂಸ್ಥಾನ ಅಕಾಡೆಮಿಗೆ ನೀಡಿದ್ದ ಜಾಗದಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಸರ್ಕಾರದ ಹಣ ಬಂದರೆ ಸರ್ಕಾರದ ಅಂಕುಶವೂ ಬರುತ್ತದೆಂದು ನಂಬಿದ್ದ ರಾಮನ್ ಅದನ್ನು ಖಾಸಗಿ ದೇಣಿಗೆಯಿಂದಲೇ ನಡೆಸಿದರು. 1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಬಂದವು.

ಕೊನೆಯ ಅಧ್ಯಯನಗಳು

ವಯಸ್ಸಾದಂತೆ ರಾಮನ್ನರ ಆಸಕ್ತಿ ಹೂವಿನ ಬಣ್ಣ, ರತ್ನಗಳು, ಅಲ್ಲಿಂದ ಕಣ್ಣಿನ ಕಡೆಗೆ ತಿರುಗಿತು. ಆಗ ಅವರು ಕಂಡುಕೊಂಡ ಒಂದು ವಿಧಾನ ಬಹಳ ಸರಳವಾದದ್ದು. ಒಂದು ಬಣ್ಣದ ಗಾಜನ್ನು ಕಣ್ಣಿನ ಮುಂದೆ ಹಿಡಿದು, ಪ್ರಕಾಶಮಾನವಾದ ಬಿಳಿ ಪರದೆಯನ್ನು ಕೆಲಹೊತ್ತು ದಿಟ್ಟಿಸುವುದು. ಬಳಿಕ ಗಾಜನ್ನು ತಟ್ಟನೆ ತೆಗೆಯುವುದು. ಆ ಕ್ಷಣದಲ್ಲಿ ನೋಡುವವನಿಗೆ ತನ್ನದೇ ಅಕ್ಷಿಪಟಲದ ನಡುಭಾಗದ ಚಿತ್ರ ಪರದೆಯ ಮೇಲೆ ಹಿಗ್ಗಿ ಮೂಡಿದಂತೆ ಕಾಣುತ್ತದೆ ಎಂದು ಅವರು ಬರೆದರು. ಈ ಪ್ರಯೋಗಗಳ ಆಧಾರದ ಮೇಲೆ 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಮೂರು ಮೂಲ ಬಣ್ಣಗಳ ಗ್ರಹಿಕೆಯಿಂದ ನೋಟ ಉಂಟಾಗುತ್ತದೆಂಬ ಸಿದ್ಧಾಂತವನ್ನು ಅವರು ತಳ್ಳಿಹಾಕಿದ್ದನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಆದರೆ ಯಾವ ಶಸ್ತ್ರವೂ ಇಲ್ಲದೆ ಜೀವಂತ ಅಂಗಾಂಶವನ್ನು ಅದು ಇರುವಲ್ಲೇ ನೋಡುವ ಅವರ ಹಂಬಲ ಇಲ್ಲಿ ಸ್ಪಷ್ಟವಾಗಿದೆ.

1970ರ ಅಕ್ಟೋಬರ್ 2ರಂದು ನೀಡಿದ ಕೊನೆಯ ಗಾಂಧಿ ಸ್ಮಾರಕ ಉಪನ್ಯಾಸಕ್ಕೆ ಅವರು ಆರಿಸಿಕೊಂಡದ್ದು ಕಿವಿಯ ವಿಷಯ. ಅದೇ ತಿಂಗಳ ಕೊನೆಯಲ್ಲಿ ಪ್ರಯೋಗಾಲಯದಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ಸಂಸ್ಥೆಯ ಆವರಣಕ್ಕೇ ಮರಳಿ, ನವೆಂಬರ್ 21ರ ಮುಂಜಾನೆ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ, ಧಾರ್ಮಿಕ ವಿಧಿಗಳಿಲ್ಲದೆ ಅಂತ್ಯಸಂಸ್ಕಾರ ನಡೆಯಿತು. ಆ ಜಾಗದಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

ಚರ್ಮರೋಗ ನಿದಾನದಲ್ಲಿ ರಾಮನ್ ಪರಿಣಾಮ

ಉರಿಯೂತದ ಚರ್ಮರೋಗಗಳೆಂದರೆ ಸೋಂಕಿಗಿಂತ ಹೆಚ್ಚಾಗಿ ದೇಹದ ರೋಗನಿರೋಧಕ ವ್ಯವಸ್ಥೆಯ ಅತಿಯಾದ ಪ್ರತಿಕ್ರಿಯೆಯಿಂದ ಚರ್ಮ ಕೆಂಪೇರಿ, ತುರಿಸಿ, ಹೊಪ್ಪಳೆ ಏಳುವ ಕಾಯಿಲೆಗಳು. ಇಸುಬು, ಸೋರಿಯಾಸಿಸ್, ಲೈಕನ್ ಪ್ಲೇನಸ್, ಸ್ಪರ್ಶದಿಂದ ಬರುವ ಚರ್ಮದುರಿತ ಇವು ಮುಖ್ಯವಾದವು. ಕರ್ನಾಟಕದ ಬಯಲುನಾಡಿನಲ್ಲಿ ಪಾರ್ಥೇನಿಯಂ ಕಳೆಯಿಂದ ಬರುವ ಚರ್ಮದುರಿತ ಸುಪರಿಚಿತ. ಕೊಡಗು, ಮಲೆನಾಡುಗಳ ಕಾಡಿನಲ್ಲಿ ಕಾಡುಗೇರಿನ ಜಾತಿಯ ಮರಗಳ ಕಪ್ಪು ಸೊನೆ ತಾಗಿ ಮೈ ಬೊಬ್ಬೆಯೇಳುವುದನ್ನು ತೋಟದ ಕೆಲಸಗಾರರು ಬಲ್ಲರು.

ಇವುಗಳಲ್ಲಿ ಹಲವು ನೋಟಕ್ಕೆ ಒಂದೇ ತೆರನಾಗಿರುತ್ತವೆ. ವೈದ್ಯಕೀಯ ಪಠ್ಯಪುಸ್ತಕಗಳು ಬಹುಕಾಲ ಬಿಳಿ ಚರ್ಮದ ಮೇಲಿನ ಕೆಂಪನ್ನೇ ಲಕ್ಷಣವೆಂದು ಹೇಳಿಕೊಂಡು ಬಂದವು. ನಮ್ಮ ಕಂದು ಚರ್ಮದಲ್ಲಿ ಅದೇ ಉರಿಯೂತ ನೇರಳೆಯಾಗಿಯೋ ಕಪ್ಪಾಗಿಯೋ ಕಾಣುತ್ತದೆ. ಸಂದೇಹವಿದ್ದಾಗ ಮರವಿಕೆಯ ಚುಚ್ಚುಮದ್ದು ಕೊಟ್ಟು, ಸುಮಾರು 3ರಿಂದ 4 ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದು ಬಯಾಪ್ಸಿ. ನಂಬಲರ್ಹವಾದ ಪರೀಕ್ಷೆಯೇ ಸರಿ. ಆದರೆ ಕಲೆ ಉಳಿಯುತ್ತದೆ, ಎಳೆಯ ಮಕ್ಕಳಲ್ಲಿ ಕಷ್ಟ. ಮುಖ್ಯವಾಗಿ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಅದೇ ಜಾಗವನ್ನು ವಾರವಾರವೂ ಕತ್ತರಿಸಲಾಗದು.

ಕತ್ತರಿಸದೆ ನೋಡುವ ವಿಧಾನಗಳು ಹಲವಿವೆ. ಭೂತಗನ್ನಡಿ ಮತ್ತು ದೀಪ ಕೂಡಿದ ಡರ್ಮೋಸ್ಕೋಪ್ ಚರ್ಮದ ಮೇಲ್ಮೈಯ ರಕ್ತನಾಳಗಳನ್ನೂ ಹೊಟ್ಟನ್ನೂ ತೋರಿಸುತ್ತದೆ. ಅಧಿಕ ಆವರ್ತನದ ಅಲ್ಟ್ರಾಸೌಂಡ್ ಪದರಗಳ ದಪ್ಪವನ್ನು ಅಳೆಯುತ್ತದೆ. ಲೇಸರ್ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಒಂದೊಂದು ಜೀವಕೋಶವನ್ನೂ ಕಾಣಿಸುತ್ತದೆ. ಇವೆಲ್ಲ ಮುಖ್ಯವಾಗಿ ಆಕಾರವನ್ನು ತೋರಿಸುವಂಥವು. ಅಲ್ಲಿ ಯಾವ ವಸ್ತು ಎಷ್ಟಿದೆ ಎಂಬ ರಾಸಾಯನಿಕ ವಿವರವನ್ನು ಕೊಡುವುದು ರಾಮನ್ ವಿಧಾನದ ವೈಶಿಷ್ಟ್ಯ.

ಅದು ಚರ್ಮಕ್ಕೆ ಬರಲು ಲೇಸರ್ ಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಅವಕೆಂಪು ಉಪಕರಣಗಳು ಸುಧಾರಿಸಿ ರಾಮನ್ ವಿಧಾನ ಹಿಂದೆ ಬಿದ್ದಿತ್ತು. 1960ರಲ್ಲಿ ಲೇಸರ್ ಹುಟ್ಟಿತು. ಎರಡೇ ವರ್ಷದಲ್ಲಿ ಅದರಿಂದ ರಾಮನ್ ರೋಹಿತ ಪಡೆಯಲಾಯಿತು. ರಾಮನ್ ಅದನ್ನು ನೋಡಲು ಬದುಕಿದ್ದರು. ಜೀವಂತ ಮನುಷ್ಯನ ಚರ್ಮದವರೆಗೆ ಅದು ಬಂದಾಗ ಇರಲಿಲ್ಲ.

1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ದೇಹದಿಂದ ಬೇರ್ಪಟ್ಟ ಚರ್ಮದ ರಾಮನ್ ಗೆರೆಗಳನ್ನು ಒಂದೊಂದಾಗಿ ಗುರುತಿಸಲಾಯಿತು. 2001ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನ ತಂಡವು ಜೀವಂತ ಮನುಷ್ಯನ ಚರ್ಮದ ಮೇಲೆ ಸೂಕ್ಷ್ಮ ಲೇಸರ್ ಬಿಂದುವನ್ನಿರಿಸಿ, ಮೇಲ್ಮೈಯಿಂದ ಕೆಳಕ್ಕೆ ಮೈಕ್ರೋಮೀಟರ್ ಲೆಕ್ಕದಲ್ಲಿ ಇಳಿಯುತ್ತಾ, ಯಾವ ಆಳದಲ್ಲಿ ಎಷ್ಟು ನೀರಿದೆ, ಯಾವ ಅಣುಗಳಿವೆ ಎಂದು ಅಳೆದ ವಿಧಾನವನ್ನು ಪ್ರಕಟಿಸಿತು. ದೇಹದ ಹೆಚ್ಚಿನ ಭಾಗಗಳಲ್ಲಿ ಚರ್ಮದ ಹೊರಗಿನ ಕೊಂಬುಪದರದ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್ ಅಷ್ಟೇ. ನೀರು ಹೊರಹೋಗದಂತೆ, ಹೊರಗಿನ ಕಿರಿಕಿರಿ ಒಳಬಾರದಂತೆ ತಡೆಯುವ ಗೋಡೆ ಅದು. ಇಸುಬಿನಲ್ಲಿ ಕೆಡುವುದೂ ಆ ಗೋಡೆಯೇ.

2006ರಲ್ಲಿ ಈ ಗೋಡೆಯ ಕತೆಗೆ ಹೊಸ ತಿರುವು ಬಂತು. ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚೆಂದು ತಿಳಿಯಿತು. ಫಿಲಾಗ್ರಿನ್ ಒಡೆದು ಹುಟ್ಟುವ ಅಮೈನೋ ಆಮ್ಲ ಮೊದಲಾದ ಚಿಕ್ಕ ಅಣುಗಳು ಚರ್ಮದ ತೇವವನ್ನು ಹಿಡಿದಿಡುತ್ತವೆ. ಈ ಸಹಜ ತೇವಕಾರಕಗಳನ್ನು ರಾಮನ್ ವಿಧಾನ ನೇರವಾಗಿ ಅಳೆಯಬಲ್ಲದು. ಇಸುಬು ಇರುವ ಮಕ್ಕಳ ಅಂಗೈಯ ಮೇಲೆ ಬೆಳಕು ಬಿಟ್ಟು ಈ ಅಣುಗಳ ಪ್ರಮಾಣವನ್ನು ಅಳೆದಾಗ, ಫಿಲಾಗ್ರಿನ್ ದೋಷ ಇರುವವರನ್ನೂ ಇಲ್ಲದವರನ್ನೂ ಚೆನ್ನಾಗಿ ಬೇರ್ಪಡಿಸಲು ಸಾಧ್ಯವಾಯಿತೆಂದು 2010ರ ಸುಮಾರಿಗೆ ವರದಿಯಾಯಿತು. ರಕ್ತ ತೆಗೆಯದೆ, ಮಗುವಿನ ಕೈಯನ್ನು ಗಾಜಿನ ಕಿಟಕಿಯ ಮೇಲೆ ಇರಿಸಿ ನಡೆಸುವ ಪರೀಕ್ಷೆಯಿದು. ಸೋರಿಯಾಸಿಸ್‌ನಲ್ಲಿ ಜೀವಕೋಶಗಳ ನಡುವಿನ ಕೊಬ್ಬಿನ ಜೋಡಣೆ ಸಡಿಲಾಗಿರುವುದನ್ನೂ ಇದೇ ಬಗೆಯ ಗೆರೆಗಳಿಂದ ಓದಬಹುದು. 2008ರಲ್ಲಿ ಪ್ರಕಟವಾದ ಪ್ರಚೋದಿತ ರಾಮನ್ ಸೂಕ್ಷ್ಮದರ್ಶನವು ಎರಡು ಲೇಸರ್‌ಗಳನ್ನು ಒಟ್ಟಿಗೆ ಬಳಸಿ ಕ್ಷೀಣ ಸಂಕೇತವನ್ನು ಬಲಪಡಿಸುತ್ತದೆ. ಮುಲಾಮಿನ ಔಷಧ ಇಲಿಯ ಚರ್ಮದೊಳಗೆ ಹೇಗೆ ಇಳಿಯುತ್ತದೆಂಬುದನ್ನು ಚಿತ್ರವಾಗಿಯೇ ಅದು ತೋರಿಸಿತು.

ಮಿತಿಗಳೂ ಇವೆ. ಲೇಸರ್ ಬೆಳಕು ಚರ್ಮಕ್ಕೆ ಬಿದ್ದಾಗ ಪ್ರತಿದೀಪ್ತಿಯೂ ಏಳುತ್ತದೆ. 1923ರಲ್ಲಿ ರಾಮನಾಥನ್ ಅವರಿಗೆ ಯಾವುದರ ಸಂಶಯ ಬಂದಿತ್ತೋ ಅದೇ ಹೊಳಪು ಇಲ್ಲಿ ನಿಜವಾಗಿ ಎದುರಾಗಿ ರಾಮನ್ ಗೆರೆಗಳನ್ನು ಮುಚ್ಚಿಹಾಕುತ್ತದೆ. ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದಕ್ಕಾಗಿ 785 ನ್ಯಾನೋಮೀಟರ್‌ನಂಥ ಉದ್ದನೆಯ ಅಲೆಯ ಬೆಳಕನ್ನು ಬಳಸುತ್ತಾರೆ. ಆದರೂ ತೊಂದರೆ ಪೂರ್ತಿ ಹೋಗದು. ಭಾರತೀಯರ ಪರಿಣಾಮವನ್ನು ಭಾರತೀಯರ ಚರ್ಮದ ಮೇಲೆ ಬಳಸುವುದೇ ಹೆಚ್ಚು ಕಷ್ಟವಾಗಿರುವುದು ವಿಚಿತ್ರ. ಉಪಕರಣ ದುಬಾರಿ, ಬೆಳಕು ಆಳಕ್ಕೆ ಇಳಿಯದು, ಚರ್ಮಕ್ಕೆ ಹಾನಿಯಾಗದಂತೆ ಲೇಸರಿನ ಬಲವನ್ನು ಮಿತಿಯಲ್ಲಿಡಬೇಕು. ಆದ್ದರಿಂದ ರಾಮನ್ ವಿಧಾನ ಬಯಾಪ್ಸಿಯ ಸ್ಥಾನವನ್ನು ಇನ್ನೂ ಪಡೆದಿಲ್ಲ. ಬಹುಮಟ್ಟಿಗೆ ಸಂಶೋಧನಾ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಮಣಿಪಾಲದ ವಿಶ್ವವಿದ್ಯಾನಿಲಯದಲ್ಲಿ ದೇಹದ ಅಂಗಾಂಶಗಳ ರಾಮನ್ ರೋಹಿತಗಳ ಅಧ್ಯಯನ ಹಲವು ವರ್ಷಗಳಿಂದ ನಡೆದಿದೆ. ಕಂದು ಚರ್ಮದಲ್ಲಿ ಪ್ರತಿದೀಪ್ತಿಯನ್ನು ಕಳೆದು ಗೆರೆಗಳನ್ನಷ್ಟೇ ಉಳಿಸಿಕೊಳ್ಳುವುದು ಈ ಕ್ಷೇತ್ರದವರು ಇನ್ನೂ ಬಿಡಿಸಬೇಕಾಗಿರುವ ತೊಡಕುಗಳಲ್ಲಿ ಒಂದು.